ಮೊಗ್ಗು ಬಿಡಿಸಿದವಳ ಪಾಲು

ತಮಿಳುನಾಡಿನ ನಿಲಕ್ಕೋಟ್ಟೈ ಸುತ್ತಿನ ಮಲ್ಲಿಗೆ ತೋಟಗಳಲ್ಲಿ ಕೆಲಸ ಶುರುವಾಗುವುದು ಬೆಳಕು ಹರಿಯುವ ಮುನ್ನ. ಬಿಳುಪೇರಿದ, ಆದರೆ ಇನ್ನೂ ಬಿರಿಯದ ಮೊಗ್ಗನ್ನೇ ಆರಿಸಿ ಬಿಡಿಸಬೇಕು. ಅರಳಿತೆಂದರೆ ಬೆಲೆ ಇಳಿಯಿತು. ಕೂಲಿ ತೂಕದ ಲೆಕ್ಕ. ಬಿಡಿಸುವವರಲ್ಲಿ ಹೆಚ್ಚಿನವರು ಹೆಂಗಸರು. ದಿಂಡಿಗಲ್, ತೇನಿ ಜಿಲ್ಲೆಗಳನ್ನೂ ಒಳಗೊಂಡ ಸೀಮೆಯ ಈ ಹೂವು 2013ರಲ್ಲಿ ‘ಮದುರೈ ಮಲ್ಲಿ’ ಎಂಬ ಹೆಸರಲ್ಲಿ ಭೌಗೋಳಿಕ ಸೂಚಕ ಪಡೆಯಿತು.

ಊರಿಗೆ ಹೆಸರು ಬಂತು. ಬಿಡಿಸಿದವಳಿಗೆ?

ಭಕ್ತಿಯಿಂದ ಕೊಟ್ಟ ಎಲೆ, ಹೂವು, ಹಣ್ಣು, ನೀರನ್ನು ಸ್ವೀಕರಿಸುವುದಾಗಿ ಗೀತೆಯ 9ನೇ ಅಧ್ಯಾಯದಲ್ಲಿ ಕೃಷ್ಣ ಹೇಳುತ್ತಾನೆ. ಆದರೆ ಹೂವನ್ನು ಕೊಟ್ಟವರು ಯಾರು? ಕನ್ನಡ, ತಮಿಳು ಶಾಸನಗಳು ದೇವರಿಗೆ ಹೂದೋಟ ಬಿಟ್ಟ ದಾನಿಗಳನ್ನು ಹೆಸರಿಸುತ್ತವೆ. ಇಂದಿನ ಅರ್ಚನೆಯಲ್ಲೂ ಕೇಳಿಬರುವುದು ಸೇವೆ ಮಾಡಿಸಿದವರ ಹೆಸರು, ಗೋತ್ರ, ನಕ್ಷತ್ರವೇ.

ಕೂಲಿ ಪಡೆದ ಮೇಲೆ ಹೂವಿನ ಪುಣ್ಯ ಬಿಡಿಸಿದವಳದಲ್ಲ ಎನ್ನುವವರುಂಟು. ಹನ್ನೆರಡನೆಯ ಶತಮಾನದ ಶರಣರು ಈ ವಾದವನ್ನು ಒಪ್ಪುತ್ತಿರಲಿಲ್ಲ. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಹೇಳಿದವಳು ಆಯ್ದಕ್ಕಿ ಲಕ್ಕಮ್ಮ. ಅವಳಿಗೆ ದುಡಿದು ತಂದದ್ದೇ ಶಿವನಿಗೆ ಸಲ್ಲುವಂಥದ್ದು. ದುಡಿಮೆ ಹೊಟ್ಟೆ ಹೊರೆಯುತ್ತದೆ ಎಂಬ ಕಾರಣಕ್ಕೆ ಪೂಜೆಯ ಹೊರಗೆ ಉಳಿಯುವುದಿಲ್ಲ. ಹಲವು ತಲೆಮಾರುಗಳಿಂದ ಮನೆಯಲ್ಲಿ ಕನ್ನಡವಾಡುತ್ತ ಬೇಸಾಯ ಮಾಡಿಕೊಂಡಿರುವ ಕಪ್ಪಿಲಿಯರ, ತೇನಿ ಜಿಲ್ಲೆಯ ಕಂಬಂ ಸೀಮೆಯಲ್ಲಿ ಈ ಮಾತನ್ನು ನೆನೆಯುವುದು ಸಹಜವೇ.

ತಮಿಳು ಭಕ್ತಿಪರಂಪರೆಯ ಉತ್ತರ ಇನ್ನೂ ದಿಟ್ಟ. ನೆರೆಯ ವಿರುದುನಗರ ಜಿಲ್ಲೆಯ ಶ್ರೀವಿಲ್ಲಿಪುತ್ತೂರಿನಲ್ಲಿ ಪೆರಿಯಾಳ್ವಾರರು ನಂದನವನ ಬೆಳೆಸಿದರು. ಅಲ್ಲಿ ತುಳಸಿಯ ಬುಡದಲ್ಲಿ ಸಿಕ್ಕ ಮಗುವೇ ಆಂಡಾಳ್. ದೇವರ ಮಾಲೆಯನ್ನು ಆಕೆ ಮೊದಲು ತಾನೇ ಮುಡಿದಳು. ತಂದೆ ಬೆಚ್ಚಿದರು, ದೇವರಿಗೆ ಮಾತ್ರ ಆ ಮುಡಿದ ಮಾಲೆಯೇ ಬೇಕಾಯಿತು. ಕೃಷ್ಣದೇವರಾಯ ತೆಲುಗಿನಲ್ಲಿ ಬರೆದ ‘ಆಮುಕ್ತಮಾಲ್ಯದ’ಕ್ಕೆ ವಸ್ತು ಇದೇ ಕಥೆ. ಇಂದಿಗೂ ಬ್ರಹ್ಮೋತ್ಸವಕ್ಕೆ ಆಂಡಾಳ್ ಮಾಲೆ ತಿರುಮಲೆಗೆ ಹೋಗುತ್ತದೆ.

ಹೆಣ್ಣು ಮುಡಿದ ಹೂವನ್ನು ಹೀಗೆ ತಲೆಯ ಮೇಲೆ ಹೊತ್ತ ಸಮಾಜವೇ, ಗಂಡ ಸತ್ತವಳಿಗೆ ಹೂವು ಮುಡಿಯಬೇಡ ಎಂದಿತು. ಮುಟ್ಟಾದವಳಿಗೆ ಪೂಜೆಯ ಹೂವು ಮುಟ್ಟಬೇಡ ಎಂದಿತು. ವಿಧವೆ ಬಿಡಿಸಿದ ಮೊಗ್ಗು ದೇವರಿಗೆ ಸಲ್ಲುತ್ತದೆ, ಅವಳ ಜಡೆಗೆ ಸಲ್ಲದು! ಈ ಭೇದಕ್ಕೆ ಆಂಡಾಳ್ ಕಥೆಯಲ್ಲಾಗಲೀ ಲಕ್ಕಮ್ಮನ ನಿಲುವಿನಲ್ಲಾಗಲೀ ಆಧಾರವಿಲ್ಲ. ಮೊದಲು ಹೋಗಬೇಕಾದದ್ದು ಈ ನಿಷೇಧ. ಆಮೇಲೆ, ಹೂವು ಬೆಳೆದ, ಬಿಡಿಸಿದ, ಕಟ್ಟಿದ ಹೆಂಗಸರಿಗಾಗಿಯೂ ಸಂಕಲ್ಪದಲ್ಲಿ ಒಂದು ಮಾತು ಸೇರಿಸಬಹುದು. ಅದಕ್ಕೆ ಹೊಸ ಶಾಸ್ತ್ರವೇನೂ ಬೇಕಿಲ್ಲ. ಅರ್ಚಕರೂ ಭಕ್ತರೂ ಮನಸ್ಸು ಮಾಡಿದರೆ ನಾಳೆಯ ಪೂಜೆಯಲ್ಲೇ ಆಗುವ ಕೆಲಸ.