ಹಸಿ ಸೌದೆಯ ಪ್ರಶ್ನೆ: ಬೇಹುಗಾರಿಕೆಯಲ್ಲಿ ಪ್ರವೃತ್ತಿ ವಿಶ್ಲೇಷಣೆ

ಬೇಹುಗಾರಿಕೆಯಲ್ಲಿ ಸುದ್ದಿಯನ್ನು ಕೂಡಿಹಾಕುವುದಕ್ಕಿಂತ ಕಷ್ಟವಾದದ್ದು ಕೂಡಿದ ಸುದ್ದಿಯಿಂದ ನಾಳೆಯನ್ನು ಊಹಿಸುವುದು. ಅದಕ್ಕೆ ವಿಶ್ಲೇಷಕರು ಬಳಸುವ ದಾರಿಗಳಲ್ಲಿ ಅತ್ಯಂತ ಸರಳವಾದದ್ದು ಪ್ರವೃತ್ತಿ ವಿಶ್ಲೇಷಣೆ, ಎಂದರೆ ಎದುರಾಳಿಯ ನಡೆಗಳನ್ನು ಕಾಲಕ್ರಮದಲ್ಲಿ ಜೋಡಿಸಿ, ಅವುಗಳಲ್ಲಿ ಕಾಣುವ ಗತಿಯನ್ನು ಮುಂದಿನ ತಿಂಗಳು, ವರ್ಷಗಳಿಗೂ ಎಳೆದು ನೋಡುವುದು. ಒಂದು ದೇಶ ಹತ್ತು ವರ್ಷಗಳಲ್ಲಿ ಎಷ್ಟು ಯುದ್ಧನೌಕೆಗಳನ್ನು ಕಟ್ಟೀತು ಎಂಬಂಥ ಪ್ರಶ್ನೆಗೆ ಈ ವಿಧಾನ ಬಹುಮಟ್ಟಿಗೆ ನಂಬಬಹುದಾದ ಉತ್ತರವನ್ನೇ ಕೊಡುತ್ತದೆ, ಏಕೆಂದರೆ ಹಡಗುಕಟ್ಟೆ, ಉಕ್ಕಿನ ಕಾರ್ಖಾನೆ, ನುರಿತ ಕೆಲಸಗಾರರು ಇವೆಲ್ಲ ಒಂದು ರಾತ್ರಿಯಲ್ಲಿ ಹುಟ್ಟುವಂಥವಲ್ಲ. ತೊಡಕು ಬರುವುದು ಅದೇ ಅಳತೆಗೋಲನ್ನು ಒಬ್ಬ ನಾಯಕನ ಸಂಕಲ್ಪಕ್ಕೆ ಹಿಡಿದು, ಅವನು ಯುದ್ಧ ಹೂಡುವನೇ ಇಲ್ಲವೇ ಎಂದು ಕೇಳಿದಾಗ.

ಈ ತೊಡಕಿನ ತಿರುಳನ್ನು ಭಾರತದ ನ್ಯಾಯದರ್ಶನ ಶತಮಾನಗಳ ಹಿಂದೆಯೇ ಚರ್ಚಿಸಿದೆ. ಹೊಗೆ ಕಂಡಲ್ಲಿ ಬೆಂಕಿ ಇದೆ ಎಂಬ ಅನುಮಾನಕ್ಕೆ ಆಧಾರ ವ್ಯಾಪ್ತಿ, ಎಂದರೆ ಎರಡರ ನಡುವಿನ ಎಂದೂ ತಪ್ಪದ ಸಂಬಂಧ. ಅದನ್ನೇ ತಿರುಗಿಸಿ, ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆ ಎಂದರೆ, ಅಡುಗೆಮನೆಯಲ್ಲಿ ಸಾವಿರ ಸಲ ಎರಡನ್ನೂ ಒಟ್ಟಿಗೆ ಕಂಡವನ ಮಾತೂ ನಿಲ್ಲುವುದಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದ್ದೂ ಹೊಗೆ ಇರುವುದಿಲ್ಲ. ಅಡುಗೆಮನೆಯಲ್ಲಿ ಬೆಂಕಿಯೊಡನೆ ಹೊಗೆಯನ್ನು ಕೂಡಿಸಿದ್ದು ಹಸಿ ಸೌದೆ, ಮತ್ತು ಹೀಗೆ ಗಮನಕ್ಕೆ ಬಾರದೆ ಸಂಬಂಧವನ್ನು ಹಿಡಿದು ನಿಲ್ಲಿಸಿರುವ ಷರತ್ತನ್ನು ನೈಯಾಯಿಕರು ಉಪಾಧಿ ಎಂದು ಕರೆದರು. ಪ್ರವೃತ್ತಿಯ ರೇಖೆ ಎಂಬುದು ಉಪಾಧಿಯನ್ನು ಹುಡುಕದೆ ವ್ಯಾಪ್ತಿಯೆಂದು ಒಪ್ಪಿಕೊಂಡ ಸಹವಾಸ. ಸಾವಿರದ ಜೊತೆಗೆ ಇನ್ನೂ ಸಾವಿರ ಸಲ ಕಂಡರೂ ಅದರ ಈ ಕೊರತೆ ತುಂಬುವುದಿಲ್ಲ.

1973ರ ಅಕ್ಟೋಬರ್ 6ರಂದು ಈಜಿಪ್ಟ್ ಮತ್ತು ಸಿರಿಯಾ ಇಸ್ರೇಲಿನ ಮೇಲೆ ಏಕಕಾಲಕ್ಕೆ ದಾಳಿ ಮಾಡಿದ ಪ್ರಸಂಗದಲ್ಲಿ ಇದು ಕಣ್ಣಿಗೆ ಕಟ್ಟುತ್ತದೆ. ಇಸ್ರೇಲಿನ ವಾಯುನೆಲೆಗಳನ್ನು ಹೊಡೆಯಬಲ್ಲ ದೂರಗಾಮಿ ವಿಮಾನಗಳು ಸಿಗುವವರೆಗೆ ಈಜಿಪ್ಟ್ ಯುದ್ಧಕ್ಕೆ ಇಳಿಯದು, ಈಜಿಪ್ಟ್ ಇಲ್ಲದೆ ಸಿರಿಯಾ ಇಳಿಯದು ಎಂಬುದು ಇಸ್ರೇಲಿನ ಸೈನಿಕ ಗುಪ್ತಚರ ವಿಭಾಗದ ಗಟ್ಟಿ ನಂಬಿಕೆಯಾಗಿತ್ತು. ಮುಂದೆ ಇದೇ 'ಪರಿಕಲ್ಪನೆ' ಎಂಬ ಹೆಸರಿನಿಂದ ಕುಖ್ಯಾತವಾಯಿತು. ಅದು ಕಣ್ಣುಮುಚ್ಚಿ ಮಾಡಿದ ಊಹೆಯಲ್ಲ, ಕೈರೋದಿಂದಲೇ ಬಂದ ವಿಶ್ವಾಸಾರ್ಹ ಮಾಹಿತಿಯ ಮೇಲೆ ನಿಂತದ್ದು ಎಂಬುದನ್ನು ಒತ್ತಿ ಹೇಳಬೇಕು. ಆಮೇಲೆ ನಡೆದದ್ದೂ ಅದನ್ನೇ ಸಮರ್ಥಿಸುತ್ತ ಹೋಯಿತು: ಈಜಿಪ್ಟಿನ ಸೇನೆ ಸೂಯೆಜ್ ಕಾಲುವೆಯ ದಡದಲ್ಲಿ ಮತ್ತೆ ಮತ್ತೆ ಕವಾಯತು ನಡೆಸಿ ಹಿಂದಿರುಗಿತು, 1973ರ ಮೇ ತಿಂಗಳ ಭೀತಿಯಲ್ಲಿ ಇಸ್ರೇಲ್ ದೊಡ್ಡ ವೆಚ್ಚದಲ್ಲಿ ಎಚ್ಚರಿಕೆಯ ಸಿದ್ಧತೆ ಮಾಡಿಕೊಂಡರೂ ಯುದ್ಧ ಬರಲಿಲ್ಲ, ಬಾರದು ಎಂದಿದ್ದ ಗುಪ್ತಚರ ಮುಖ್ಯಸ್ಥ ಎಲಿ ಝೈರಾ ಅವರ ಮಾತೇ ಗೆದ್ದಿತು. ಆದರೆ ಆ ರೇಖೆಯನ್ನು ಹಿಡಿದಿದ್ದ ಹಸಿ ಸೌದೆ 1972ರ ಅಕ್ಟೋಬರಿನಲ್ಲೇ ಇಲ್ಲವಾಗಿತ್ತು. ಇಡೀ ಸಿನಾಯಿಯನ್ನು ಗೆಲ್ಲುವ ಗುರಿಯನ್ನು ಬದಿಗಿಟ್ಟ ಈಜಿಪ್ಟಿನ ಅಧ್ಯಕ್ಷ ಅನ್ವರ್ ಸಾದತ್, ಕಾಲುವೆ ದಾಟಿ ಒಂದಿಷ್ಟು ನೆಲ ಹಿಡಿದು ರಾಜಕೀಯ ಮಾತುಕತೆಗೆ ದಾರಿ ಮಾಡಿಕೊಳ್ಳುವ ಸೀಮಿತ ಯುದ್ಧವನ್ನು ಆರಿಸಿಕೊಂಡಿದ್ದರು, ಮತ್ತು ಅಂಥ ಯುದ್ಧಕ್ಕೆ ದೂರಗಾಮಿ ವಿಮಾನಗಳ ಬದಲು ನೆಲದಿಂದ ಹಾರುವ ಸೋವಿಯತ್ ವಿಮಾನನಿರೋಧಕ ಕ್ಷಿಪಣಿಗಳ ಕಾವಲು ಸಾಕಾಗಿತ್ತು. ಗುರಿ ಬದಲಾದಾಗ ಹಳೆಯ ಷರತ್ತಿಗೆ ಅರ್ಥವೇ ಉಳಿಯಲಿಲ್ಲ. ಹೊರಗಿನ ಕವಾಯತುಗಳ ಎಣಿಕೆಯಲ್ಲಿ ಮಾತ್ರ ಎಲ್ಲವೂ ಎಂದಿನಂತೆಯೇ ಇತ್ತು.

ಇಲ್ಲಿ ಬೇಹುಗಾರಿಕೆ ಹವಾಮಾನದ ಮುನ್ಸೂಚನೆಯಿಂದ ಬೇರೆಯಾಗುತ್ತದೆ. ಮುಂಗಾರಿಗೆ ತನ್ನನ್ನು ಯಾರೋ ಅಳೆಯುತ್ತಿದ್ದಾರೆ ಎಂಬ ಅರಿವಿಲ್ಲ. ಸೇನಾಪತಿಗೆ ಅದು ಚೆನ್ನಾಗಿ ಗೊತ್ತು. ಪದೇ ಪದೇ ನಡೆಯುವ ಕವಾಯತು ಅವನ ಅಭ್ಯಾಸದ ಕುರುಹಾಗಿರುವಂತೆಯೇ, ನೋಡುವವನನ್ನು ಒಂದು ಅಭ್ಯಾಸಕ್ಕೆ ಒಗ್ಗಿಸುವ ಉಪಾಯವೂ ಆಗಬಲ್ಲದು. 1955ರ ಜುಲೈಯಲ್ಲಿ ಮಾಸ್ಕೋದ ವಾಯುಪಡೆ ಪ್ರದರ್ಶನದಲ್ಲಿ ಹಾರಿದ ಭಾರಿ ಬಾಂಬರುಗಳೇ ಸುತ್ತು ಹಾಕಿ ಮತ್ತೊಮ್ಮೆ ಹಾರಿಬಂದವು ಎಂಬುದು ಈಗ ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ಆ ಕಾಲದ ಅಮೆರಿಕದ ಅಂದಾಜುಗಾರರು ಇಂಥ ಎಣಿಕೆಗಳಿಂದ ಏರುರೇಖೆ ಎಳೆದು, ಸೋವಿಯತ್ ಬಾಂಬರುಗಳು ಕೆಲವೇ ವರ್ಷಗಳಲ್ಲಿ ನೂರಾರು ಆಗುತ್ತವೆ ಎಂದು ಲೆಕ್ಕ ಹಾಕಿದರು. ಅಷ್ಟು ವಿಮಾನಗಳು ಎಂದೂ ಬರಲಿಲ್ಲ.

ಪ್ರವೃತ್ತಿಯನ್ನು ನಂಬುವವರ ವಾದ ಹಗುರವಾದದ್ದಲ್ಲ. 1962ರ ಸೆಪ್ಟೆಂಬರ್ 19ರ ವಿಶೇಷ ಅಂದಾಜಿನಲ್ಲಿ ಅಮೆರಿಕದ ವಿಶ್ಲೇಷಕರು, ಕ್ಯೂಬಾದಲ್ಲಿ ಪರಮಾಣು ಕ್ಷಿಪಣಿಗಳನ್ನು ಇಡುವುದು ಸೋವಿಯತ್ ಒಕ್ಕೂಟದ ಈವರೆಗಿನ ನಡವಳಿಕೆಗೆ ಹೊಂದುವುದಿಲ್ಲ ಎಂದು ಬರೆದರು. ಅಕ್ಟೋಬರ್ 14ರಂದು ಯು-2 ವಿಮಾನ ತೆಗೆದ ಛಾಯಾಚಿತ್ರಗಳಲ್ಲಿ ಆ ಕ್ಷಿಪಣಿಗಳು ಕಂಡವು. ಆ ಅಂದಾಜಿನ ಹೊಣೆ ಹೊತ್ತಿದ್ದ ಶರ್ಮನ್ ಕೆಂಟ್ ಎರಡು ವರ್ಷಗಳ ನಂತರ ಬರೆಯುತ್ತ, ಲೆಕ್ಕ ತಪ್ಪಿದ್ದು ತಮ್ಮದಲ್ಲ, ಅಪಾಯವನ್ನು ಸರಿಯಾಗಿ ತೂಗದ ಸೋವಿಯತ್ ನಾಯಕ ಕ್ರುಶ್ಚೇವರದು ಎಂದು ವಾದಿಸಿದರು. ಎದುರಾಳಿ ವಿವೇಕ ತಪ್ಪಿ ನಡೆದಾಗ ಯಾವ ವಿಧಾನವೂ ಸೋಲುತ್ತದೆ ಎಂಬಷ್ಟರ ಮಟ್ಟಿಗೆ ಅವರ ಮಾತು ಸರಿ. ರೇಖೆಯನ್ನು ಕಡೆಗಣಿಸಿ ಪ್ರತಿ ಕವಾಯತಿಗೂ ಯುದ್ಧದ ಗಂಟೆ ಬಾರಿಸುವವನು ಹೆಚ್ಚು ದಿನ ತಪ್ಪುತ್ತಾನೆ ಎಂಬುದೂ ನಿಜ. ಆದರೆ ಕೆಂಟ್ ಅವರ ಸಮರ್ಥನೆ ಒಂದು ಪ್ರಶ್ನೆಯನ್ನು ಹಾಗೆಯೇ ಬಿಡುತ್ತದೆ: ಹಿಂದಿನ ನಡವಳಿಕೆ ಯಾವ ಷರತ್ತಿನಿಂದ ಹಾಗಿತ್ತು, ಆ ಷರತ್ತು ಈಗಲೂ ಇದೆಯೇ? ಖಂಡಾಂತರ ಕ್ಷಿಪಣಿಗಳಲ್ಲಿ ತಾನು ಬಹಳ ಹಿಂದೆ ಬಿದ್ದಿರುವುದು ಜಗತ್ತಿಗೆ ಗೊತ್ತಾದ ಮೇಲೆ, ಹೊರನೆಲದಲ್ಲಿ ಕ್ಷಿಪಣಿ ಇಡದ ಹಳೆಯ ಎಚ್ಚರಿಕೆಗೆ ಮಾಸ್ಕೋ ಕೊಡುತ್ತಿದ್ದ ಬೆಲೆ ಬದಲಾಗಿರಬಹುದಿತ್ತು. ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದ್ದರೆ ಉತ್ತರ ಸರಿಯಾಗಿಯೇ ಬರುತ್ತಿತ್ತೆಂದು ಹೇಳಲಾಗದು. ಅಂದಾಜಿನ ದನಿಯಲ್ಲಿದ್ದ ನೆಮ್ಮದಿಯಾದರೂ ಕಡಿಮೆಯಾಗುತ್ತಿತ್ತು, ಮತ್ತು ಓದಿ ನಿರ್ಧರಿಸುವ ಆಡಳಿತಗಾರನಿಗೆ ಆ ದನಿಯೇ ಮುಖ್ಯ.

ಆದ್ದರಿಂದ ಪ್ರತಿ ರೇಖೆಯ ಪಕ್ಕದಲ್ಲಿ ಅದು ಯಾವುದರ ಮೇಲೆ ನಿಂತಿದೆ, ಆ ಆಸರೆ ಕುಸಿದರೆ ಮೊದಲು ಎಲ್ಲಿ ಏನು ಕಾಣಿಸಬೇಕು ಎಂಬುದನ್ನು ಬರೆದಿಡುವುದು ವಿಶ್ಲೇಷಕನ ಕರ್ತವ್ಯ. 1973ರ ಅಕ್ಟೋಬರಿನ ಮೊದಲ ದಿನಗಳಲ್ಲಿ ಇಸ್ರೇಲಿನ ದಕ್ಷಿಣ ಕಮಾಂಡಿನ ಒಬ್ಬ ಯುವ ಲೆಫ್ಟಿನೆಂಟ್ ಹತ್ತಿರ ಹತ್ತಿರ ಇದನ್ನೇ ಮಾಡಿದ್ದರು: ಇಂಥ ಕವಾಯತು ಹಿಂದೆ ಎಷ್ಟು ಸಲ ಆಗಿದೆ ಎಂದು ಎಣಿಸುವ ಬದಲು, ಕವಾಯತಿಗೆ ಬೇಕಿಲ್ಲದ ಯಾವ ಸಿದ್ಧತೆಗಳು ಎದುರು ದಡದಲ್ಲಿ ನಡೆಯುತ್ತಿವೆ ಎಂದು ನೋಡಿ, ಕವಾಯತು ಯುದ್ಧದ ಮರೆಯಾಗಿರಬಹುದೆಂದು ಎರಡು ಟಿಪ್ಪಣಿಗಳನ್ನು ಬರೆದರು. ಅವು ಮೇಲಿನ ಕಚೇರಿಯನ್ನು ತಲುಪಲಿಲ್ಲ.