ಜೂಬಿಲಿಯ ಕಹಳೆಯೂ ನಮ್ಮ ಕ್ರಯಪತ್ರಗಳೂ



‘ವಿಮೋಚನೆ’ ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ಶಿಲುಬೆಯತ್ತ, ಪಾಪಕ್ಷಮೆಯತ್ತ, ಪರಲೋಕದತ್ತ ಹರಿಯುತ್ತದೆ. ಅದು ಸಹಜ, ಯುಕ್ತವೂ ಹೌದು. ಆದರೆ ದೈವಶಾಸ್ತ್ರದ ಗ್ರಂಥಗಳನ್ನು ಸೇರುವ ಮೊದಲು ಈ ಪದ ಸಂತೆಯಲ್ಲಿ, ಹೊಲದ ಬದುವಿನಲ್ಲಿ, ಸಾಲದಲ್ಲಿ ಮುಳುಗಿದವನ ಮನೆಯಂಗಳದಲ್ಲಿ ಬಾಳಿತ್ತು. ಮಗಳ ಮದುವೆಗೋ ಮಗನ ಓದಿಗೋ ಅಡವಿಟ್ಟ ಒಡವೆಯನ್ನು ವರ್ಷಗಳ ನಂತರ ‘ಬಿಡಿಸಿಕೊಂಡು ಬಂದೆವು’ ಎಂದು ನಮ್ಮ ತಾಯಂದಿರು ಹೇಳುವರಲ್ಲ, ಆ ಮಾತಿನಲ್ಲಿರುವ ನೆಮ್ಮದಿಗೆ ಹೀಬ್ರೂ ಬೈಬಲಿನ ವಿಮೋಚನೆಯ ಮೊದಲ ಅರ್ಥ ಬಹಳ ಹತ್ತಿರವಾದುದು. ನಮ್ಮದಾಗಿದ್ದು ಪರರ ಕೈಸೇರಿದ್ದುದನ್ನು ಬೆಲೆ ತೆತ್ತು ಮನೆಗೆ ಮರಳಿಸುವುದೇ ವಿಮೋಚನೆ. ಈ ಅರ್ಥವನ್ನು ಮರೆತರೆ ಜೂಬಿಲಿಯು ನಮಗೆ ಬರಿಯ ಹಬ್ಬವಾಗಿ, ಯಾತ್ರೆಯಾಗಿ, ಬೆಳ್ಳಿ ಬಂಗಾರದ ವಾರ್ಷಿಕೋತ್ಸವವಾಗಿ ಉಳಿದುಬಿಡುತ್ತದೆ.

ಯಾಜಕಕಾಂಡದ ಇಪ್ಪತ್ತೈದನೆಯ ಅಧ್ಯಾಯವು ಜೂಬಿಲಿಯ ಶಾಸನ. ಏಳು ವರ್ಷಗಳ ಏಳು ಸುತ್ತುಗಳು ಕಳೆದ ಮೇಲೆ ಐವತ್ತನೆಯ ವರ್ಷವನ್ನು ಪವಿತ್ರವೆಂದು ಸಾರಬೇಕು. ದೇಶದಾದ್ಯಂತ ಕೊಂಬಿನ ಕಹಳೆ ಮೊಳಗಬೇಕು. ಭೂಮಿಯು ಬಿತ್ತನೆಯಿಲ್ಲದೆ ವಿಶ್ರಮಿಸಬೇಕು. ಬಡತನದಿಂದ ಹೊಲ ಮಾರಿದವನು ತನ್ನ ಹೊಲಕ್ಕೂ, ಸಾಲದಿಂದ ಆಳಾಗಿ ಬಿದ್ದವನು ತನ್ನ ಕುಟುಂಬಕ್ಕೂ ಹಿಂದಿರುಗಬೇಕು. ಈ ಅಧ್ಯಾಯದಲ್ಲಿ ಮತ್ತೆ ಮತ್ತೆ ಬರುವ ಕ್ರಿಯಾಪದವೇ ‘ಹಿಂದಿರುಗು’ ಎಂಬುದು.

ಈ ಶಾಸನದ ಲೆಕ್ಕಾಚಾರವೂ ಗಮನಾರ್ಹವಾದುದು. ಹೊಲದ ಬೆಲೆಯನ್ನು ಮುಂದಿನ ಜೂಬಿಲಿಯವರೆಗೆ ಉಳಿದಿರುವ ಬೆಳೆಗಳ ಎಣಿಕೆಯಂತೆ ಗೊತ್ತುಮಾಡಬೇಕು. ಹೆಚ್ಚು ವರ್ಷಗಳಿದ್ದರೆ ಹೆಚ್ಚು ಬೆಲೆ, ಕಡಿಮೆಯಿದ್ದರೆ ಕಡಿಮೆ ಬೆಲೆ. ಮಾರಾಟವಾಗುವುದು ಫಸಲೇ ಹೊರತು ಮಣ್ಣಲ್ಲ. ನಮ್ಮ ರೈತಾಪಿ ಜನರಿಗೆ ಈ ಮಾತು ಹೊಸದೇನಲ್ಲ. ಸಾಲಕ್ಕೆ ಪ್ರತಿಯಾಗಿ ಹೊಲವನ್ನು ಒಪ್ಪಿಸುವುದು, ಸಾಲ ಕೊಟ್ಟವನು ಬಡ್ಡಿಯ ಬದಲು ಬೆಳೆಯನ್ನು ಅನುಭವಿಸುವುದು, ಹಣ ತೀರಿದ ದಿನ ಹೊಲವನ್ನು ಮರಳಿಸುವುದು: ಇದನ್ನು ನಾವು ‘ಭೋಗ್ಯ’ ಎನ್ನುತ್ತೇವೆ. ಬೈಬಲಿನ ದೃಷ್ಟಿಯಲ್ಲಿ ಹೊಲದ ಪ್ರತಿಯೊಂದು ಮಾರಾಟವೂ ಒಂದು ಬಗೆಯ ಭೋಗ್ಯವೇ. ಅಲ್ಲಿ ಶುದ್ಧ ಕ್ರಯವೆಂಬುದಿಲ್ಲ. ಅದಕ್ಕೆ ಕೊಟ್ಟಿರುವ ಕಾರಣವೂ ಸ್ಪಷ್ಟ. ಭೂಮಿ ದೇವರದು, ನಾವು ಆತನ ನೆಲದಲ್ಲಿ ಆಶ್ರಯ ಪಡೆದಿರುವ ಅತಿಥಿಗಳು. ಅತಿಥಿಯಾದವನು ಮತ್ತೊಬ್ಬ ಅತಿಥಿಯನ್ನು ಶಾಶ್ವತವಾಗಿ ಹೊರಹಾಕುವ ಅಧಿಕಾರವನ್ನು ಎಲ್ಲಿಂದ ತಂದಾನು?

ಇದನ್ನು ಉತ್ತರ ಬೆಂಗಳೂರಿನ ನೆಲದ ಮೇಲೆ ನಿಂತು ಆಲೋಚಿಸೋಣ. ಹೆಬ್ಬಾಳದಿಂದ ಯಲಹಂಕವನ್ನು ಹಾದು ದೇವನಹಳ್ಳಿಯತ್ತ ಸಾಗುವ ಬಳ್ಳಾರಿ ರಸ್ತೆಯ ಆಸುಪಾಸಿನಲ್ಲಿ ಒಂದು ತಲೆಮಾರಿನ ಹಿಂದೆ ರಾಗಿಯ ಹೊಲಗಳು, ದ್ರಾಕ್ಷಿಯ ತೋಟಗಳು, ಚಕ್ಕೋತದ ಮರಗಳು ಇದ್ದುದನ್ನು ಹಿರಿಯರು ಬಲ್ಲರು. ವಿಮಾನ ನಿಲ್ದಾಣದ ಯೋಜನೆ ಖಚಿತವಾಗುತ್ತಿದ್ದಂತೆ ಎಕರೆಯ ಲೆಕ್ಕ ಚದರಡಿಯ ಲೆಕ್ಕವಾಗತೊಡಗಿತು. 2008ರ ಮೇ 24ರಂದು ದೇವನಹಳ್ಳಿಯ ಬಳಿ ನಿಲ್ದಾಣ ಕಾರ್ಯಾರಂಭ ಮಾಡಿದ ಮೇಲಂತೂ ಈ ಬದಲಾವಣೆಗೆ ತಡೆಯೇ ಇಲ್ಲವಾಯಿತು. ಜಮೀನು ಮಾರಿದವರಲ್ಲಿ ಕೆಲವರು ಬಾಳನ್ನು ಹಸನಾಗಿಸಿಕೊಂಡರು. ಇನ್ನು ಕೆಲವರು ಕೈಗೆ ಬಂದ ಹಣ ಕರಗಿದ ಮೇಲೆ, ಒಮ್ಮೆ ತಾವೇ ಉತ್ತಿದ್ದ ನೆಲದಲ್ಲಿ ಎದ್ದ ಬಡಾವಣೆಗಳಿಗೆ ಕಾವಲುಗಾರರಾಗಿ, ಮನೆಗೆಲಸದವರಾಗಿ ಬರುವಂತಾಯಿತು.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಕಥೆ ನಿಮಗೆ ನೆನಪಿರಬಹುದು. ಕೈಗಾರಿಕಾ ಉದ್ದೇಶಕ್ಕೆ ಹದಿಮೂರು ಹಳ್ಳಿಗಳ 1,777 ಎಕರೆ ಜಮೀನನ್ನು ಸ್ವಾಧೀನಪಡಿಸಿಕೊಳ್ಳುವ ಯೋಜನೆಯ ವಿರುದ್ಧ ಅಲ್ಲಿನ ರೈತರು 2022ರಿಂದ ಮೂರು ವರ್ಷಗಳಿಗೂ ಮಿಕ್ಕಿ ಧರಣಿ ಕುಳಿತರು. 2025ರ ಜುಲೈ 15ರಂದು ರಾಜ್ಯ ಸರ್ಕಾರವು ಆ ಸ್ವಾಧೀನವನ್ನು ಕೈಬಿಡುವುದಾಗಿ ಘೋಷಿಸಿತು. ಅಭಿವೃದ್ಧಿಯ ವಾದ ವಿವಾದಗಳು ಏನೇ ಇರಲಿ, ಬೈಬಲನ್ನು ಓದುವವನಿಗೆ ಇಲ್ಲಿ ನಾಬೋತನ ದನಿ ಕೇಳಿಸದಿರದು. ಅಹಾಬ ಅರಸನು ನಾಬೋತನಿಗೆ ಅನ್ಯಾಯದ ಬೆಲೆಯನ್ನೇನೂ ಹೇಳಿರಲಿಲ್ಲ. ಬದಲಿಗೆ ಇನ್ನೂ ಉತ್ತಮವಾದ ತೋಟವನ್ನೋ ತಕ್ಕ ಹಣವನ್ನೋ ಕೊಡುವೆನೆಂದಿದ್ದನು. ಆದರೂ ನಾಬೋತನು ಒಪ್ಪಲಿಲ್ಲ. ಪಿತೃಗಳಿಂದ ಬಂದ ನೆಲಕ್ಕೆ ಹಣದಲ್ಲಿ ಅಳೆಯಲಾಗದ ಒಂದು ಸಂಬಂಧವಿದೆ ಎಂಬುದು ಆತನ ನಂಬಿಕೆಯಾಗಿತ್ತು.

ಮಾರಲೊಪ್ಪದವರ ಮಾತು ಇದಾಯಿತು. ಈಗಾಗಲೇ ಮಾರಿಬಿಟ್ಟವರ ಗತಿಯೇನು? ಸಹಿಯಾಗಿ, ನೋಂದಣಿಯಾಗಿ, ಹಣ ಪಾವತಿಯಾದ ಒಂದು ವ್ಯವಹಾರವನ್ನು ಮತ್ತೆ ತೆರೆದು ನೋಡಬಹುದೇ? ಜೂಬಿಲಿಯು ನಮ್ಮ ಮುಂದಿಡುವ ಕಠಿಣ ನೈತಿಕ ಪ್ರಶ್ನೆ ಇದು. ನಮ್ಮ ರಾಜ್ಯದ ಒಂದು ಕಾನೂನು ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿದೆ. ‘ಪಿಟಿಸಿಎಲ್’ ಎಂದು ಜನರ ಬಾಯಲ್ಲಿರುವ 1978ರ ಕಾಯ್ದೆಯ ಪ್ರಕಾರ, ಪರಿಶಿಷ್ಟ ಜಾತಿ ಪಂಗಡಗಳ ಕುಟುಂಬಗಳಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ನಿಬಂಧನೆಗೆ ವಿರುದ್ಧವಾಗಿ ಪರಭಾರೆಯಾಗಿದ್ದರೆ ಆ ಮಾರಾಟ ಅಸಿಂಧು. ಜಮೀನು ಮೂಲ ಮಂಜೂರುದಾರನಿಗೆ ಅಥವಾ ಆತನ ವಾರಸುದಾರರಿಗೆ ಮರಳಬೇಕು. 1984ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಾಯ್ದೆಯನ್ನು ಎತ್ತಿಹಿಡಿಯಿತು. ಮರಳಿ ಕೇಳುವವರು ಸಮಂಜಸವಾದ ಅವಧಿಯೊಳಗೆ ಕೇಳಬೇಕೆಂದು ಅದೇ ನ್ಯಾಯಾಲಯ 2017ರಲ್ಲಿ ಹೇಳಿತು. 2023ರಲ್ಲಿ ರಾಜ್ಯದ ಶಾಸನಸಭೆಯು ತಿದ್ದುಪಡಿ ತಂದು ಆ ಕಾಲಮಿತಿಯನ್ನು ತೆಗೆದುಹಾಕಿತು. ಹಸಿವು, ಕಾಯಿಲೆ, ಸಾಲದ ಒತ್ತಡಗಳಲ್ಲಿ ಬಡವನು ಹಾಕಿದ ಸಹಿಯನ್ನು ಪೂರ್ಣ ಸ್ವತಂತ್ರ ಸಮ್ಮತಿಯೆಂದು ಎಣಿಸಬಾರದೆಂಬ ಅರಿವು ಈ ಕಾನೂನಿನ ಹಿಂದಿದೆ. ಇದೇ ಅರಿವು ಯಾಜಕಕಾಂಡದಲ್ಲಿಯೂ ಇದೆ.

ನಿಮ್ಮಲ್ಲಿ ಅನೇಕರ ಮನಸ್ಸಿನಲ್ಲಿ ಈಗ ಏಳುತ್ತಿರುವ ಪ್ರಶ್ನೆಯೂ ನ್ಯಾಯವಾದುದೇ. ಜೀವಮಾನದ ಉಳಿತಾಯವನ್ನು ಸುರಿದು, ಬ್ಯಾಂಕಿನ ಸಾಲ ಪಡೆದು, ಯಲಹಂಕದ ಬಳಿ ಒಂದು ಮೂವತ್ತು-ನಲವತ್ತರ ನಿವೇಶನ ಕೊಂಡು ಮನೆ ಕಟ್ಟಿದ ಕುಟುಂಬದ ಪಾಡೇನು? ಅವರು ಯಾರನ್ನೂ ವಂಚಿಸಿಲ್ಲ. ಇಪ್ಪತ್ತು ವರ್ಷಗಳ ಹಿಂದಿನ ವ್ಯವಹಾರದಲ್ಲಿ ಅವರ ಕೈವಾಡವೂ ಇಲ್ಲ. ಆಶ್ಚರ್ಯವೆಂದರೆ ಬೈಬಲಿನ ಶಾಸನವು ಇವರನ್ನೂ ಮರೆತಿಲ್ಲ. ಗೋಡೆಯುಳ್ಳ ಪಟ್ಟಣದೊಳಗಿನ ವಾಸದ ಮನೆಯನ್ನು ಮಾರಿದವನು ಒಂದು ವರ್ಷದೊಳಗೆ ಬಿಡಿಸಿಕೊಳ್ಳಬೇಕು. ಆ ಬಳಿಕ ಅದು ಕೊಂಡವನದೇ, ಜೂಬಿಲಿಯಲ್ಲಿಯೂ ಅದು ಕೈಬಿಡದು. ಹಳ್ಳಿಯ ಮನೆಯಾದರೋ ಹೊಲದ ಸಾಲಿಗೆ ಸೇರುತ್ತದೆ, ಹಿಂದಿರುಗುತ್ತದೆ. ಒಬ್ಬನ ಅನ್ನದ ಮೂಲವನ್ನು ಮರಳಿಸುವ ನೆಪದಲ್ಲಿ ಮತ್ತೊಬ್ಬನ ಸೂರನ್ನು ಕೀಳುವುದು ಜೂಬಿಲಿಯ ಉದ್ದೇಶವಾಗಿರಲಿಲ್ಲ. ಎರಡು ನ್ಯಾಯಗಳು ಎದುರುಬದುರು ನಿಂತಾಗ ತೂಗಿ ನೋಡುವ ವಿವೇಕವನ್ನೂ ಆ ಶಾಸನವೇ ಕಲಿಸುತ್ತದೆ. ಇಂಥ ವ್ಯಾಜ್ಯಗಳನ್ನು ನ್ಯಾಯಾಲಯಗಳು ತೀರ್ಮಾನಿಸಲಿ.

ಆದರೆ ನ್ಯಾಯಾಲಯದ ತೀರ್ಪಿನೊಂದಿಗೆ ಕ್ರೈಸ್ತನ ಪ್ರಶ್ನೆ ಮುಗಿಯದು. ನಿವೇಶನ ಕೊಳ್ಳುವಾಗ ನಾವು ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರವನ್ನು ತರುತ್ತೇವೆ. ಅದರಲ್ಲಿ ಬ್ಯಾಂಕಿನ ಅಡಮಾನ ಇದ್ದರೆ ತೋರುತ್ತದೆ. ಆ ನೆಲವನ್ನು ಬಿಟ್ಟುಹೋದವನ ಕಣ್ಣೀರು ತೋರುವುದಿಲ್ಲ. ಅಲ್ಲಿನ ಚರಂಡಿ ತೋಡಿದವನ, ಇಟ್ಟಿಗೆ ಹೊತ್ತವಳ ಋಣವೂ ತೋರುವುದಿಲ್ಲ. ಕಾಗದದಲ್ಲಿ ಋಣಭಾರ ಇಲ್ಲವೆಂದಾದರೆ ದೇವರ ಮುಂದೆಯೂ ಇಲ್ಲವೆಂದು ಭಾವಿಸಬಹುದೇ?

ಇದಕ್ಕೆ ಉತ್ತರವು ಯಾಜಕಕಾಂಡದ ಒಂದು ಪುಟ್ಟ ವಿವರದಲ್ಲಿ ಅಡಗಿದೆ. ಜೂಬಿಲಿಯ ಕಹಳೆಯನ್ನು ಊದಬೇಕಾದ ದಿನ ಯಾವುದು? ಹೊಸ ವರ್ಷದ ದಿನವಲ್ಲ, ಸುಗ್ಗಿಯ ದಿನವೂ ಅಲ್ಲ. ಏಳನೆಯ ತಿಂಗಳ ಹತ್ತನೆಯ ದಿನ, ಅಂದರೆ ದೋಷಪರಿಹಾರಕ ದಿನದಂದೇ ಅದು ಮೊಳಗಬೇಕು. ಇಡೀ ಜನಾಂಗ ಉಪವಾಸವಿದ್ದು ತನ್ನ ಪಾಪಗಳಿಗೆ ಕ್ಷಮೆ ಬೇಡುವ ದಿನವದು. ದೇವರಿಂದ ತನ್ನ ಸಾಲ ಮನ್ನಾ ಆದ ದಿನವೇ ಇಸ್ರಯೇಲನು ತನಗೆ ಸಾಲ ತೀರಿಸಬೇಕಾದವನನ್ನು ಬಿಡುಗಡೆ ಮಾಡಬೇಕಿತ್ತು. ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿಯೂ ಇದೇ ಜೋಡಣೆಯಿದೆ. ಸಂತ ಮತ್ತಾಯನ ಗ್ರೀಕ್ ಮೂಲದಲ್ಲಿ ನಾವು ಕ್ಷಮೆ ಕೇಳುವ ‘ತಪ್ಪು’ಗಳಿಗೆ ಬಳಸಿರುವ ಪದದ ನೇರ ಅರ್ಥ ‘ಸಾಲ’ ಎಂದೇ. ಕ್ಷಮೆ ಪಡೆಯುವುದು ಒಂದು ದಿನ, ಬಿಟ್ಟುಕೊಡುವುದು ಎಂದೋ ಒಂದು ದಿನ ಎಂದು ನಾವು ವಿಂಗಡಿಸಿಕೊಂಡಿದ್ದೇವೆ. ದೇವರು ಹಾಗೆ ವಿಂಗಡಿಸಿಲ್ಲ.

ಹಾಗೆ ಬಿಡಿಸುವ ಹೊಣೆ ಯಾರದು? ಹೀಬ್ರೂ ಭಾಷೆಯಲ್ಲಿ ವಿಮೋಚಕನಿಗೆ ‘ಗೋಏಲ್’ ಎಂಬ ಹೆಸರು. ಆತನು ದಾನಿಯಲ್ಲ, ಅಧಿಕಾರಿಯಲ್ಲ, ಸಮೀಪ ಬಂಧು. ಅಣ್ಣನೋ, ಚಿಕ್ಕಪ್ಪನೋ, ಚಿಕ್ಕಪ್ಪನ ಮಗನೋ ಮುಂದೆ ಬಂದು, ತನ್ನ ಕೈಯಿಂದ ಬೆಲೆ ತೆತ್ತು ಬಿಡಿಸಬೇಕು. ರೂತಳ ಗ್ರಂಥದಲ್ಲಿ ಬೋವಜನಿಗಿಂತ ಹತ್ತಿರದ ಬಂಧು ಒಬ್ಬನಿದ್ದನು. ಹೊಲವನ್ನು ಬಿಡಿಸಿಕೊಳ್ಳಲು ಆತ ಮೊದಲು ಒಪ್ಪಿದನು. ಹೊಲದೊಂದಿಗೆ ರೂತಳ ಹೊಣೆಯೂ ಬರುವುದೆಂದು ತಿಳಿದಾಗ ತನ್ನ ಸ್ವಂತ ಆಸ್ತಿಗೆ ನಷ್ಟವಾದೀತೆಂದು ಹಿಂದೆ ಸರಿದನು. ತನ್ನ ಆಸ್ತಿಯನ್ನು ಅಷ್ಟು ಜಾಗರೂಕತೆಯಿಂದ ಕಾಪಾಡಿಕೊಂಡ ಆ ಮನುಷ್ಯನ ಹೆಸರನ್ನು ಪವಿತ್ರ ಗ್ರಂಥ ದಾಖಲಿಸಿಲ್ಲ. ನಷ್ಟಕ್ಕೆ ಸಿದ್ಧನಾದ ಬೋವಜನಾದರೋ ದಾವೀದನ ಮುತ್ತಾತನಾಗಿ, ಯೇಸುಸ್ವಾಮಿಯ ವಂಶಾವಳಿಯಲ್ಲಿ ನಿಂತನು.

ಈ ಹಿನ್ನೆಲೆಯಲ್ಲಿ ನೋಡಿದರೆ ನಮ್ಮ ವಿಶ್ವಾಸದ ಕೇಂದ್ರ ರಹಸ್ಯ ಇನ್ನಷ್ಟು ಸ್ಪಷ್ಟವಾಗುತ್ತದೆ. ದೇವರು ದೂರದಲ್ಲಿ ನಿಂತೇ ನಮ್ಮ ಪಾಪಗಳನ್ನು ಕ್ಷಮಿಸಬಹುದಿತ್ತು. ಆದರೆ ಬಿಡಿಸುವವನು ಬಂಧುವಾಗಿರಬೇಕೆಂಬ ತನ್ನದೇ ಶಾಸನಕ್ಕೆ ಆತನು ಬದ್ಧನಾದನು. ಮರಿಯಮ್ಮನವರ ಗರ್ಭದಲ್ಲಿ ನಮ್ಮ ರಕ್ತಮಾಂಸವನ್ನು ಧರಿಸಿ ನಮಗೆ ಸಮೀಪ ಬಂಧುವಾದನು. ಆ ಬಳಿಕವೇ ಬೆಲೆ ತೆತ್ತನು. ನಜರೇತಿನ ಪ್ರಾರ್ಥನಾಮಂದಿರದಲ್ಲಿ ಯೇಸು ಯೆಶಾಯನ ಸುರುಳಿಯನ್ನು ಬಿಚ್ಚಿ, ಪ್ರಭುವಿನ ಪ್ರಸನ್ನತೆಯ ವರ್ಷವನ್ನು ಸಾರುವ ಭಾಗವನ್ನು ಓದಿ, ಅದು ಅಂದೇ ನೆರವೇರಿತೆಂದು ತಿಳಿಸಿದರು. ಬೈಬಲಿನ ಇತಿಹಾಸ ಗ್ರಂಥಗಳಲ್ಲಿ ಇಸ್ರಯೇಲರು ಜೂಬಿಲಿಯನ್ನು ಆಚರಿಸಿದ ಒಂದು ಘಟನೆಯೂ ಸಿಗುವುದಿಲ್ಲ. ಜನರು ಈಡೇರಿಸದೆ ಬಿಟ್ಟಿದ್ದ ಆ ಶಾಸನವನ್ನು ಯೇಸುಸ್ವಾಮಿ ತಮ್ಮ ದೇಹದಲ್ಲಿ ಈಡೇರಿಸಿದರು. ಹಾಗಾದರೆ ಆತನಿಂದ ಬಿಡುಗಡೆ ಹೊಂದಿದ ನಾವು ಯಾರಿಗೆ ಬಂಧುಗಳಾಗಿದ್ದೇವೆ?

ಪ್ರಿಯರೇ, ಇದರ ಉತ್ತರವನ್ನು ದೂರದಲ್ಲಿ ಹುಡುಕಬೇಕಿಲ್ಲ. ನಮ್ಮ ಕಡೆ ಆಸ್ತಿ ಮಾರುವ ಮುನ್ನ ಹೆಣ್ಣುಮಕ್ಕಳಿಂದ ‘ಹಕ್ಕು ಬಿಡುಗಡೆ ಪತ್ರ’ಕ್ಕೆ ಸಹಿ ಹಾಕಿಸುವ ರೂಢಿಯಿದೆ. ತಂದೆಯು ಮರಣಶಾಸನ ಬರೆಯದೆ ತೀರಿಕೊಂಡರೆ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಹೇಳುತ್ತದೆ. ಆದರೂ ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಸಹಿ ಹಾಕಿದ ಅಕ್ಕತಂಗಿಯರು ಎಷ್ಟಿಲ್ಲ? ಸಂಖ್ಯಾಕಾಂಡದಲ್ಲಿ ಐವರು ಸಹೋದರಿಯರು ತಂದೆಯ ಪಾಲಿಗಾಗಿ ಮೋಶೆಯ ಎದುರು ನಿಂತಾಗ ಅವರ ಮಾತು ಸರಿಯೆಂದು ದೇವರೇ ನುಡಿದರು. ಬಿಡುಗಡೆ ಎಂಬ ಪವಿತ್ರ ಪದವನ್ನು ಪಾಲು ತಪ್ಪಿಸುವ ಕಾಗದಕ್ಕೆ ಇಟ್ಟಿದ್ದೇವೆಂಬುದನ್ನು ಒಮ್ಮೆ ಯೋಚಿಸಿರಿ. ಅಂತೆಯೇ, ಮನೆಗೆಲಸಕ್ಕೆ ಬರುವ ತಾಯಿಗೆ ಮುಂಗಡ ಕೊಟ್ಟು, ಅದು ತೀರುವವರೆಗೆ ಬೇರೆಡೆ ದುಡಿಯಕೂಡದೆಂದು ಕಟ್ಟುಹಾಕುವುದು, ನಮ್ಮ ದೇಶವು 1976ರ ಕಾಯ್ದೆಯಿಂದ ರದ್ದುಪಡಿಸಿದ ಜೀತದ ಪಡಿನೆರಳೇ ಆಗಿದೆ. ಬಾಡಿಗೆಯ ಮನೆ ಬಿಟ್ಟುಹೋಗುವ ಬಡ ಕುಟುಂಬದ ಅಡ್ವಾನ್ಸ್ ಹಣದಲ್ಲಿ ಸುಣ್ಣಬಣ್ಣದ ಹೆಸರಿನಲ್ಲಿ ಮಿತಿಮೀರಿ ಮುರಿದುಕೊಳ್ಳುವುದು ಕೂಡ ಅಡವಿಟ್ಟದ್ದನ್ನು ಮರಳಿಸದೆ ಉಳಿಸಿಕೊಂಡಂತೆಯೇ.

ಸಂತ ಎರಡನೇ ಜಾನ್ ಪೌಲರು 2000ದ ಮಹಾ ಜೂಬಿಲಿಯ ಸಿದ್ಧತೆಗಾಗಿ 1994ರಲ್ಲಿ ಬರೆದ ಪತ್ರದಲ್ಲಿ ಬಡ ರಾಷ್ಟ್ರಗಳ ಸಾಲದ ಹೊರೆ ಇಳಿಸಬೇಕೆಂದು ಕೇಳಿದ್ದರು. ಜಗದ್ಗುರು ಫ್ರಾನ್ಸಿಸರು 2024ರಲ್ಲಿ ಜೂಬಿಲಿಯನ್ನು ಘೋಷಿಸುವಾಗ ಅದೇ ಕೋರಿಕೆಯನ್ನು ಪುನಃ ಮುಂದಿಟ್ಟರು. ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ ಅವರು 2024ರ ಡಿಸೆಂಬರ್ 24ರಂದು ತೆರೆದ ಪವಿತ್ರ ದ್ವಾರವನ್ನು, ಅವರು ದೈವಾಧೀನರಾದ ಬಳಿಕ, ಜಗದ್ಗುರು ಹದಿನಾಲ್ಕನೇ ಲಿಯೋರವರು 2026ರ ಜನವರಿ 6ರಂದು ಮುಚ್ಚಿದರು. ಆ ವರ್ಷ ನಮ್ಮಲ್ಲಿ ಅನೇಕರು ಯಾತ್ರೆ ಹೋದೆವು, ಪಾಪನಿವೇದನೆ ಮಾಡಿದೆವು, ಕ್ಷಮೆಯನ್ನು ಪಡೆದೆವು. ಅನ್ಯಾಯವಾಗಿ ಪಡೆದದ್ದನ್ನು ಮರಳಿಸದೆ ಪಶ್ಚಾತ್ತಾಪ ಪೂರ್ಣವಾಗದೆಂಬುದು ಧರ್ಮಸಭೆಯ ಸ್ಥಿರ ಬೋಧನೆ. ಜಕ್ಕಾಯನು ಯೇಸುವನ್ನು ಮನೆಗೆ ಬರಮಾಡಿಕೊಂಡ ದಿನವೇ, ಯಾರೂ ಕೇಳುವ ಮೊದಲೇ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುವೆನೆಂದು ಎದ್ದು ನಿಂತನು.

ಮುಂದಿನ ಪಾಪನಿವೇದನೆಗೆ ಹೋಗುವ ಮುನ್ನ ಒಂದು ಸಂಜೆ, ಜಪಸರದ ಪ್ರಾರ್ಥನೆ ಮುಗಿದ ಮೇಲೆ, ಮನೆಯವರೆಲ್ಲರೂ ಕುಳಿತು ನಿಮ್ಮ ಕಪಾಟಿನಲ್ಲಿರುವ ಕಾಗದಗಳನ್ನು ಹೊರತೆಗೆಯಿರಿ. ಯಾರ ಪಾಲು ಇಲ್ಲಿ ಉಳಿದುಕೊಂಡಿದೆ, ಯಾರ ಕೂಲಿ ಬಾಕಿಯಿದೆ, ಯಾವ ಬಡ ಬಂಧುವಿನ ಸಾಲವನ್ನು ಇನ್ನು ಕೇಳದಿರುವುದೇ ಧರ್ಮ ಎಂದು ನಿಮ್ಮೊಳಗೆ ವಿಚಾರಿಸಿರಿ. ಒಂದೇ ಒಂದನ್ನಾದರೂ ಆರಿಸಿ, ಆ ವಾರವೇ ಮರಳಿಸಿರಿ. ನಮ್ಮನ್ನು ಬೆಲೆ ತೆತ್ತು ಬಿಡಿಸಿಕೊಂಡ ಪ್ರಭುವು ಅದಕ್ಕೆ ಬೇಕಾದ ಧೈರ್ಯವನ್ನು ನಿಮಗೂ ನಿಮ್ಮ ಮಕ್ಕಳಿಗೂ ಅನುಗ್ರಹಿಸಲಿ.