ಸೊಂಟನೋವಿಗೆ ಸಾಕ್ಷಿ ಯಾರು?

ಕೈ ಮುರಿದುಕೊಂಡವಳಿಗೆ ಒಂದು ಅನುಕೂಲವಿದೆ. ಬಿಳಿ ಪಟ್ಟಿ ಸುತ್ತಿಸಿಕೊಂಡು ಕೈಯನ್ನು ಕೊರಳಿಗೆ ತೂಗುಹಾಕಿಕೊಂಡರೆ ಬಸ್ಸಿನಲ್ಲಿ ಜಾಗ ಸಿಗುತ್ತದೆ, ಮನೆಯಲ್ಲಿ ಮಗ ತಟ್ಟೆ ತೊಳೆಯುತ್ತಾನೆ. ಜ್ವರ ಬಂದವಳ ಹಣೆಯನ್ನು ಯಾರಾದರೂ ಮುಟ್ಟಿ ನೋಡಬಹುದು. ಸೊಂಟ ನೋಯುವವಳಿಗೆ ಮಾತ್ರ ಇಂಥ ಯಾವ ಗುರುತೂ ಇಲ್ಲ. ಅವಳ ಬಾಯಿಮಾತೇ ಅವಳ ಸಾಕ್ಷಿ. ಆ ಮಾತಿಗೆ ಸಿಗುವ ಉತ್ತರ ನಿಮಗೂ ಗೊತ್ತಿದೆ: "ನಿನ್ನೆ ಮದುವೆಮನೆಯಲ್ಲಿ ಚೆನ್ನಾಗಿಯೇ ಓಡಾಡ್ತಿದ್ದೆಯಲ್ಲ?"

ನನ್ನ ಮನೆ ಕಡೂರಿನಲ್ಲಿ, ತವರು ತರೀಕೆರೆಯಲ್ಲಿ, ನಾದಿನಿಯನ್ನು ಕೊಟ್ಟದ್ದು ಅಜ್ಜಂಪುರಕ್ಕೆ. ಈ ಮೂರು ಊರುಗಳ ಮಳೆ ಬೇರೆ, ಬೆಳೆ ಬೇರೆ. ಹೆಂಗಸರ ಸೊಂಟನೋವು ಮಾತ್ರ ಒಂದೇ. ತರೀಕೆರೆ ಕಡೆ ಅಡಿಕೆ ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತವರು ರಾತ್ರಿ ಬಹಳ ಹೊತ್ತಾಗುವ ತನಕ ಏಳುವುದಿಲ್ಲ. ಅಜ್ಜಂಪುರದ ಈರುಳ್ಳಿ ಹೊಲಗಳಲ್ಲಿ ಕಳೆ ತೆಗೆಯಲು ಬಗ್ಗಿದ ಬೆನ್ನು ಸಾಲು ಮುಗಿಯುವವರೆಗೂ ನೆಟ್ಟಗಾಗುವುದಿಲ್ಲ. ಕಡೂರಿನ ನಮ್ಮ ಬೀದಿಯಲ್ಲಿ ನಲ್ಲಿ ಬಂದಾಗ ಕೊಡ ಹೊತ್ತು, ಆಮೇಲೆ ಶಾಲೆಗೆ ಹೋಗಿ ಸಂಜೆಯ ತನಕ ನಿಂತು ಪಾಠ ಹೇಳುವ ಟೀಚರಮ್ಮನಿದ್ದಾರೆ. "ಸೊಂಟ ಹಿಡ್ಕೊಂಡೈತೆ ಕಣವ್ವಾ" ಅಂತ ಒಬ್ಬಳು, "ಬ್ಯಾಕ್ ಪೇನ್ ಕಣ್ರೀ" ಅಂತ ಇನ್ನೊಬ್ಬರು. ಭಾಷೆಯಷ್ಟೇ ವ್ಯತ್ಯಾಸ.

ಕಾರಣಕ್ಕೇನೂ ಬರವಿಲ್ಲ. ಬಾಣಂತನ ಸರಿಯಾಗಲಿಲ್ಲ, ಮಕ್ಕಳಾಗದ ಆಪರೇಷನ್ ಆಯಿತು, ಹೆರಿಗೆಯಲ್ಲಿ ಬೆನ್ನಿಗೆ ಸೂಜಿ ಕೊಟ್ಟರು. (ಹೆರಿಗೆ ನೋವು ತಗ್ಗಿಸಲು ಕೊಡುವ ಎಪಿಡ್ಯೂರಲ್ ಸೂಜಿಯಿಂದ ವರ್ಷಗಟ್ಟಲೆ ಉಳಿಯುವ ಬೆನ್ನುನೋವು ಹೆಚ್ಚುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ.) ಇವೆಲ್ಲ ಮುಗಿದ ಮೇಲೆ ಕೊನೆಯದಾಗಿ ಬರುವ ತೀರ್ಪು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುವುದು. ನನ್ನನ್ನು ಕಾಡುವ ಪ್ರಶ್ನೆ ಇಲ್ಲಿಂದಲೇ ಶುರುವಾಗುತ್ತದೆ. ಇನ್ನೊಬ್ಬಳ ನೋವನ್ನು ನಂಬುವುದಕ್ಕೆ ನಮಗೆ ಎಷ್ಟು ಪುರಾವೆ ಬೇಕು?

ವೈದ್ಯಶಾಸ್ತ್ರವೂ ಬಹುಕಾಲ ಪುರಾವೆಯನ್ನೇ ಹುಡುಕಿತು. 1934ರಲ್ಲಿ ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ಇಬ್ಬರು ವೈದ್ಯರು, ಬೆನ್ನುಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕ್ ಒಡೆದು ನರವನ್ನು ಒತ್ತುವುದರಿಂದ ನೋವು ಬರಬಹುದೆಂದು ತೋರಿಸಿದರು. ಅದು ನಿಜವೇ. ಆದರೆ ಅಲ್ಲಿಂದ ಮುಂದೆ ಎಲ್ಲ ಬೆನ್ನುನೋವಿಗೂ ಚಿತ್ರದಲ್ಲಿ ಒಂದು ತಪ್ಪು ಸಿಗಲೇಬೇಕು ಎಂಬ ನಿರೀಕ್ಷೆ ಬೆಳೆಯಿತು. 1994ರಲ್ಲಿ ಅಮೆರಿಕದ ಸಂಶೋಧಕರು ಬೆನ್ನುನೋವೇ ಇಲ್ಲದ 98 ಮಂದಿಯನ್ನು ಎಂ.ಆರ್.ಐ. ಯಂತ್ರದೊಳಗೆ ಮಲಗಿಸಿ ನೋಡಿದರು. ಎಲ್ಲ ಡಿಸ್ಕುಗಳೂ ಸರಿಯಾಗಿದ್ದದ್ದು ನೂರಕ್ಕೆ 36 ಮಂದಿಗೆ ಮಾತ್ರ. ಉಳಿದವರ ಚಿತ್ರದಲ್ಲಿ ಉಬ್ಬು, ಸವೆತ ಏನೇನೋ ಇತ್ತು. ನೋವು ಮಾತ್ರ ಇರಲಿಲ್ಲ.

ಇದರ ಅರ್ಥ ಎರಡು ಕಡೆಗೂ ಹರಿಯುತ್ತದೆ. ಚಿತ್ರದಲ್ಲಿ ಉಬ್ಬು ಕಂಡಿತೆಂದು ಅದೇ ನೋವಿಗೆ ಕಾರಣವೆನ್ನಲಾಗದು. ಚಿತ್ರದಲ್ಲಿ ಏನೂ ಕಾಣಲಿಲ್ಲವೆಂದು ನೋವಿಲ್ಲವೆನ್ನಲೂ ಆಗದು. ಬೆನ್ನುನೋವಿನವರಲ್ಲಿ ನೂರಕ್ಕೆ ಸುಮಾರು 90 ಮಂದಿಗೆ ಇಂಥದ್ದೇ ಕಾರಣ ಎಂದು ಬೊಟ್ಟುಮಾಡಿ ತೋರಿಸಲು ಬರುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2020ರಲ್ಲಿ ಲೋಕದಲ್ಲಿ 61.9 ಕೋಟಿ ಜನಕ್ಕೆ ಸೊಂಟನೋವಿತ್ತೆಂದು ಅಂದಾಜು. ಅವರಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. ಇಷ್ಟು ಜನ ಸೇರಿ ಸುಳ್ಳು ಹೇಳುತ್ತಿದ್ದಾರೆಯೇ?

ಸ್ಕಾಟ್ಲೆಂಡಿನ ಮೂಳೆವೈದ್ಯ ಗಾರ್ಡನ್ ವಾಡೆಲ್ 1987ರಲ್ಲಿ ಬೇರೊಂದು ದಾರಿ ತೋರಿಸಿದರು. ಮೂಳೆಯನ್ನಷ್ಟೇ ನೋಡಿದರೆ ಸಾಲದು, ಆ ಮನುಷ್ಯನ ಭಯ, ದುಃಖ, ಕೆಲಸ, ಮನೆ ಎಲ್ಲವನ್ನೂ ಸೇರಿಸಿ ನೋಡಬೇಕು ಎಂದರು. ನಿದ್ದೆಗೆಟ್ಟಾಗ, ಚಿಂತೆ ಹತ್ತಿದಾಗ ನರಮಂಡಲವು ಸಣ್ಣ ಸೂಚನೆಯನ್ನೂ ದೊಡ್ಡ ನೋವಾಗಿ ಕೂಗಿ ಹೇಳಬಲ್ಲದು. ಇದನ್ನು ಕೇಳಿ ಕೆಲವರು, "ಹಾಗಾದ್ರೆ ಎಲ್ಲಾ ಮನಸ್ಸಿನದೇ ಅನ್ನಿ" ಎಂದು ನಕ್ಕುಬಿಡುತ್ತಾರೆ. ಹಾಗಲ್ಲ. ಮನಸ್ಸು ಸೇರಿದ ನೋವು ಕಲ್ಪನೆಯ ನೋವಲ್ಲ. ಅದು ಮೈಯಲ್ಲೇ ಆಗುವ ನಿಜವಾದ ನೋವು.

ನಂಬುವುದೆಂದರೆ ಹಾಸಿಗೆಗೆ ಕಟ್ಟಿಹಾಕುವುದೂ ಅಲ್ಲ. 1995ರಲ್ಲಿ ಹೆಲ್ಸಿಂಕಿ ನಗರದ 186 ನೌಕರರ ಮೇಲೆ ನಡೆದ ಅಧ್ಯಯನದಲ್ಲಿ, ಹೊಸದಾಗಿ ಬೆನ್ನು ಹಿಡಿದಾಗ ಎರಡು ದಿನ ಮಲಗಿಸಿದವರಿಗಿಂತ, ನೋವು ತಾಳುವ ಮಟ್ಟಿಗೆ ದಿನದ ಓಡಾಟ ಮುಂದುವರಿಸಿದವರೇ ಬೇಗ ಚೇತರಿಸಿಕೊಂಡರು. ಬೆಂಗಳೂರಿನ ಹೊರಗೆ ಜಿಗಣಿಯ ಬಳಿ ಇರುವ ಯೋಗ ವಿಶ್ವವಿದ್ಯಾಲಯದವರು ಹಳೆಯ ಸೊಂಟನೋವಿನ 80 ಜನರನ್ನು ಒಂದು ವಾರ ಅಲ್ಲೇ ಉಳಿಸಿಕೊಂಡು ನೋಡಿ, ಬರೀ ವ್ಯಾಯಾಮ ಮಾಡಿದವರಿಗಿಂತ ಯೋಗ ಮಾಡಿದವರಿಗೆ ಹೆಚ್ಚು ಗುಣ ಕಂಡಿತೆಂದು 2008ರಲ್ಲಿ ಪ್ರಕಟಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟನೋವಿಗೆ ತಿಳಿವಳಿಕೆ, ವ್ಯಾಯಾಮ, ಮನಸ್ಸಿಗೆ ಬಲ ಕೊಡುವ ಚಿಕಿತ್ಸೆ ಮುಂತಾದವನ್ನು ಹೇಳಿತು. ನಾವು ಬೀರುವಿನಲ್ಲಿಟ್ಟಿರುವ ಸೊಂಟದ ಬೆಲ್ಟು, ಆಸ್ಪತ್ರೆಯಲ್ಲಿ ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್ನು ವಾಡಿಕೆಯಾಗಿ ಬೇಡವೆಂದಿತು. ಆದರೆ ಕಾಲು ಸೋತರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ಬಿದ್ದ ಮೇಲೆ ನೋವು ಬಂದರೆ ಒಂದು ದಿನವೂ ಕಾಯದೆ ವೈದ್ಯರನ್ನು ಕಾಣಬೇಕು.

ನೋವನ್ನು ಕೇಳಿಸಿಕೊಳ್ಳದೆ ಹೋದರೆ ಏನಾಗುತ್ತದೆ? "ಏನೂ ಇಲ್ಲ" ಎಂದು ಕಳಿಸುವುದು ಒಂದು ಬಗೆ. ಏನಾದರೂ ಒಂದನ್ನು ತೆಗೆದುಹಾಕುವುದು ಇನ್ನೊಂದು ಬಗೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು ಹೊಟ್ಟೆನೋವು, ಬೆನ್ನುನೋವು ಎಂದು ಹೋಗಿ ಗರ್ಭಕೋಶವನ್ನೇ ಕಳೆದುಕೊಂಡು ಬಂದ ಸಂಗತಿ 2015ರಲ್ಲಿ ದೊಡ್ಡ ಸುದ್ದಿಯಾಯಿತು. ಬೇರೆ ರಾಜ್ಯಗಳ ಇಂಥದೇ ದೂರಿನ ಮೇಲೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ನಿರ್ದೇಶನ ಕೊಡಬೇಕಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಗಾದೆಯನ್ನು ನಾವು ನಗುತ್ತಾ ಹೇಳುತ್ತೇವೆ. ಇಲ್ಲಿ ನಗು ಬರುವುದಿಲ್ಲ.

"ನೆಪ ಹೇಳುವವರೂ ಇರ್ತಾರಲ್ಲ?" ಎಂದು ನಾದಿನಿ ಒಮ್ಮೆ ನನ್ನನ್ನು ಕೇಳಿದಳು. ಇರಬಹುದು. ನೆಪವನ್ನು ನಂಬಿದರೆ ಒಂದು ದಿನದ ಕೆಲಸ ಕೆಡುತ್ತದೆ. ನಿಜವನ್ನು ನಂಬದಿದ್ದರೆ ಒಬ್ಬಳು ನೋವಿನ ಜೊತೆಗೆ ಸುಳ್ಳುಗಾತಿ ಎಂಬ ಹೆಸರನ್ನೂ ಹೊರಬೇಕು. ಎರಡರ ತೂಕ ಒಂದೇ ಅಲ್ಲ. ಇನ್ನೂ ಒಂದು ಮಾತಿದೆ. ನಮ್ಮ ಮನೆಗಳಲ್ಲಿ ಹೆಂಗಸು "ನನಗೆ ಸಾಕಾಗಿದೆ" ಎಂದು ಹೇಳುವ ಹಾಗಿಲ್ಲ. "ಸೊಂಟ ನೋವು" ಎಂದರೆ ಮಾತ್ರ ಅರ್ಧ ಗಳಿಗೆ ಕೂರಬಹುದು. ನೆಪವೇ ಆಗಿದ್ದರೂ, ಆ ನೆಪದ ಹಿಂದೆ ಇರುವ ದಣಿವು ಸುಳ್ಳೇ?

ಅಜ್ಜಂಪುರದಲ್ಲಿ ಅಮೃತಮಹಲ್ ದನಗಳ ತಳಿ ಸಂವರ್ಧನಾ ಕೇಂದ್ರವಿದೆ. ದನ ಕಂಡವರ ಸೀಮೆ ಅದು. ಉಳುವ ಎತ್ತು ಹೆಜ್ಜೆ ತಪ್ಪಿಸಿದರೆ ಅಲ್ಲಿನ ರೈತ ಫೋಟೋ ತೆಗೆಸಿ ಬಾ ಅನ್ನುವುದಿಲ್ಲ, ನಿನ್ನೆ ಚೆನ್ನಾಗಿದ್ದೆಯಲ್ಲ ಅಂತ ಕೇಳುವುದೂ ಇಲ್ಲ. ಮೊದಲು ನೊಗ ಇಳಿಸುತ್ತಾನೆ, ಆಮೇಲೆ ಕಾಲು ನೋಡುತ್ತಾನೆ. ನಂಬಿಕೆ ಎಂದರೆ ಇದೇ ಇರಬೇಕು ಅನ್ನಿಸುತ್ತದೆ. "ಅಯ್ಯೋ ಪಾಪ" ಎನ್ನುವುದಕ್ಕೆ ಯಾರಿಗೂ ಏನೂ ಖರ್ಚಾಗುವುದಿಲ್ಲ. ನೋವಿರುವವಳಿಗೆ ನಡೆಯಲು ಸಮಯ ಬೇಕು, ನಿದ್ದೆ ಬೇಕು, ವ್ಯಾಯಾಮಕ್ಕೆ ದಿನಕ್ಕೆ ಅರ್ಧ ಗಂಟೆಯಾದರೂ ಬೇಕು. ಆ ಅರ್ಧ ಗಂಟೆ ಹುಟ್ಟಬೇಕಾದರೆ ಮನೆಯಲ್ಲಿ ಇನ್ನೊಬ್ಬರು ಎದ್ದು ಕೊಡ ತುಂಬಿಸಬೇಕು, ಒಲೆಯ ಮುಂದೆ ನಿಲ್ಲಬೇಕು. ಯಾವ ವೈದ್ಯರೂ ಈ ಮದ್ದನ್ನು ಚೀಟಿಯಲ್ಲಿ ಬರೆದುಕೊಡಲಾರರು. ಅದನ್ನು ಕೊಡಬೇಕಾದವರು ಜೊತೆಯಲ್ಲಿ ಉಣ್ಣುವ ನಾವು.